ಕಡತ ಕಂಪ್ಯೂಟರಿನಲ್ಲಿದೆ, ಬೇಕಾದಾಗ ಸಿಗುತ್ತಿಲ್ಲ

ಸಂಘ-ಸಂಸ್ಥೆಗಳ ಕಂಪ್ಯೂಟರ್ ದಾಖಲೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಒಂದಾಗಿಸಿದ್ದೇವೆ. ಹೆಸರು ಬಿಟ್ಟು ಹುದ್ದೆ, ಊರು ಮಾತ್ರ ಉಳಿಸಿಕೊಂಡಿದ್ದೇವೆ.

2004ರಿಂದ 2013ರವರೆಗಿನ ಆಡಳಿತ ಮಂಡಳಿ ನಡಾವಳಿಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿವೆ. ಹೊಸ ಕಂಪ್ಯೂಟರಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೆ ಚುಕ್ಕೆ-ಗೀಟು, ಏನೇನೋ ಬರುತ್ತಿದೆ. ಫೈಲ್ ಕೆಟ್ಟಿದೆಯೇ?
— ಕಾರ್ಯದರ್ಶಿ, ಹಾಲು ಉತ್ಪಾದಕರ ಸಹಕಾರ ಸಂಘ, ಚನ್ನರಾಯಪಟ್ಟಣ ತಾಲ್ಲೂಕು

ಕೆಟ್ಟಿಲ್ಲ. ಫಾಂಟ್ ಇಲ್ಲ, ಅಷ್ಟೇ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ ಜಾಗಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫೈಲಿನ ಒಳಗಿರುವುದು ಈಗಲೂ ಆ ಯುರೋಪಿನ ಅಕ್ಷರಗಳ ಸಂಕೇತವೇ. ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ಅದು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ.

ಮೊದಲ ಕೆಲಸ: ಆ ಫೋಲ್ಡರನ್ನು ಇದ್ದಂತೆಯೇ ನಕಲು ಮಾಡಿ, ‘ಮೂಲ’ ಎಂದು ಹೆಸರಿಟ್ಟು ಪಕ್ಕಕ್ಕಿಡಿ. ಮುಂದಿನದ್ದೆಲ್ಲ ನಕಲಿನ ಮೇಲೆ. ವರ್ಡ್‌ನಲ್ಲಿ ಫೈಲ್ ತೆರೆದು ಒಂದು ಪದದ ಮೇಲೆ ಕ್ಲಿಕ್ ಮಾಡಿದರೆ, ಫಾಂಟ್ ಇಲ್ಲದಿದ್ದರೂ ಅದರ ಹೆಸರು ಮೇಲಿನ ಚೌಕದಲ್ಲಿ ಕಾಣುತ್ತದೆ. ನುಡಿ ಎಂದಿದ್ದರೆ ನುಡಿಯ ಹಳೆಯ ಫಾಂಟು, ಬಿಆರ್‌ಎಚ್ ಎಂದಿದ್ದರೆ ಬರಹದ್ದು, ಶ್ರೀ-ಕನ್ ಎಂದಿದ್ದರೆ ಶ್ರೀಲಿಪಿಯದ್ದು ಬೇಕು. ಹಾಕಿದ ಕೂಡಲೇ ಅಕ್ಷರ ಸರಿಯಾಗುತ್ತದೆ. ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಇದ್ದರೆ ಅದರ ಫಾಂಟ್ಸ್ ಫೋಲ್ಡರಿನಿಂದಲೇ ಎತ್ತಿಕೊಳ್ಳಿ. ಗುಜರಿಗೆ ಹಾಕುವ ಮೊದಲು ಮಾಡಬೇಕಾದ ಕೆಲಸ ಇದು.

ಎರಡನೆಯದು, ಅಕ್ಷರ ಸರಿಯಾಗಿ ಕಾಣುತ್ತಿರುವಾಗಲೇ ಪ್ರತಿ ನಡಾವಳಿಯನ್ನೂ ಪಿಡಿಎಫ್/ಎ ಆಗಿ ಉಳಿಸಿ. ದೀರ್ಘಕಾಲ ಇಡಲೆಂದೇ 2005ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನಕ ಅದು. ಫಾಂಟನ್ನು ಫೈಲಿನ ಒಳಗೇ ಹುದುಗಿಸಿಡಬೇಕು ಎಂಬುದು ಅದರ ನಿಯಮ. ವರ್ಡ್‌ನಲ್ಲಿ ಪಿಡಿಎಫ್ ಆಗಿ ಉಳಿಸುವಾಗ ಆಪ್ಷನ್ಸ್ ಒತ್ತಿದರೆ ಪಿಡಿಎಫ್/ಎ ಚೌಕ ಇದೆ. ಲಿಬ್ರೆ ಆಫೀಸ್‌ನಲ್ಲಿ ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ‘ಆರ್ಕೈವಲ್’ ಎಂದಿದೆ. ಪುಟಗಳ ಸಂಖ್ಯೆ ನಡಾವಳಿ ಪುಸ್ತಕಕ್ಕೆ ಅಂಟಿಸಿದ ಪ್ರಿಂಟಿನಷ್ಟೇ ಇದೆಯೇ ನೋಡಿ. ಬೇರೆ ಫಾಂಟ್ ಕೂತಿದ್ದರೆ ಸಾಲು ಮುರಿಯುವ ಜಾಗ ಬದಲಾಗಿ ಒಂದು ಪುಟ ಹೆಚ್ಚೋ ಕಡಿಮೆಯೋ ಆಗಿರುತ್ತದೆ.

ಈ ಪಿಡಿಎಫ್ ಕಣ್ಣಿಗೆ ಕನ್ನಡ, ಹುಡುಕಾಟಕ್ಕೆ ಅಲ್ಲ. ‘ಬೋನಸ್’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಒಳಗಿನ ಸಂಕೇತ ಬದಲಾಗಿಲ್ಲ. ಹುಡುಕಬೇಕೆಂದರೆ ಯುನಿಕೋಡಿಗೆ, ಅಂದರೆ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಪದ್ಧತಿಗೆ, ಪರಿವರ್ತಿಸಬೇಕು. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕ ಇದೆ. ಎಡವುವುದು ಮೂರು ಕಡೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಾಣುವಂತೆ ವ್ಯಂಜನದ ನಂತರ ಇಡುತ್ತಿದ್ದರು, ಯುನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರುತ್ತದೆ. ‘ಕಾರ್ಯದರ್ಶಿ’, ‘ವಾರ್ಷಿಕ’, ‘ನಿರ್ಣಯ’ ಈ ಮೂರು ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕದ ಯೋಗ್ಯತೆ ಗೊತ್ತಾಗುತ್ತದೆ. ಎರಡು, ನಡುವೆ ಇಂಗ್ಲಿಷಿನಲ್ಲಿದ್ದ ಚೆಕ್ ನಂಬರು, ಕಂಪನಿ ಹೆಸರುಗಳನ್ನೂ ಅದು ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಆದ್ದರಿಂದ ವರ್ಡ್‌ನ ಸೆಲೆಕ್ಟ್ ಪಟ್ಟಿಯಲ್ಲಿ ಒಂದೇ ಫಾರ್ಮ್ಯಾಟಿನ ಪಠ್ಯವನ್ನೆಲ್ಲ ಆರಿಸುವ ಆಯ್ಕೆ ಬಳಸಿ, ನುಡಿ ಫಾಂಟಿನದ್ದನ್ನು ಮಾತ್ರ ಪರಿವರ್ತಿಸಿ. ಮೂರು, ಎಕ್ಸೆಲ್‌ನ ಸದಸ್ಯರ ಪಟ್ಟಿ. ನುಡಿಯಲ್ಲಿದ್ದಾಗ ‘ಅಕಾರಾದಿ’ ಎಂದು ಜೋಡಿಸಿದ್ದು ನಿಜವಾದ ಅಕಾರಾದಿ ಆಗಿರಲಿಲ್ಲ. ಪರಿವರ್ತನೆಯ ನಂತರ ಮತ್ತೆ ಜೋಡಿಸುವಾಗ ಎಲ್ಲ ಕಂಬಗಳನ್ನೂ ಒಟ್ಟಿಗೆ ಆರಿಸದಿದ್ದರೆ ಒಬ್ಬರ ಷೇರು ಇನ್ನೊಬ್ಬರ ಹೆಸರಿನ ಮುಂದೆ ಬಂದು ಕೂರುತ್ತದೆ.

ಪರಿವರ್ತನೆಗೆಂದು ಸದಸ್ಯರ ಪಟ್ಟಿಯನ್ನು ಯಾವುದೋ ಉಚಿತ ಜಾಲತಾಣಕ್ಕೆ ಅಂಟಿಸಬೇಡಿ. ಇಂಟರ್‌ನೆಟ್ ಇಲ್ಲದೆಯೇ ನಡೆಯುವ ತಂತ್ರಾಂಶ ಇರುವಾಗ ಆ ಅಪಾಯ ಏಕೆ? ಮತ್ತೆ, ಎಲ್ಲವನ್ನೂ ಪರಿವರ್ತಿಸಬೇಕೆಂದೇನಿಲ್ಲ. ನಡಾವಳಿ, ಉಪವಿಧಿ, ಸದಸ್ಯತ್ವ ಮತ್ತು ಷೇರು ರಿಜಿಸ್ಟರಿಗೆ ಈ ಶ್ರಮ ಸಾರ್ಥಕ. 2006ರ ಸಭಾ ನೋಟಿಸಿಗೆ ಪಿಡಿಎಫ್ ಸಾಕು.

ನಮ್ಮ ಕಚೇರಿ ಕಂಪ್ಯೂಟರಿನಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್ ಸರ್ ಹೇಳಿದ್ದು’ ಎಂಬ ಫೈಲುಗಳೇ ತುಂಬಿವೆ. ಹೆಸರಿಡಲು ಸರಿಯಾದ ಪದ್ಧತಿ ಯಾವುದು? ಕನ್ನಡದಲ್ಲೇ ಇಡಬಹುದೇ?
— ಪ್ರಥಮ ದರ್ಜೆ ಸಹಾಯಕರು, ಅನುದಾನಿತ ಪ್ರೌಢಶಾಲೆ, ವಿಜಯಪುರ

ದಿನಾಂಕ ಮೊದಲು, ಅದೂ ವರ್ಷ-ತಿಂಗಳು-ದಿನ ಕ್ರಮದಲ್ಲಿ. ಆಮೇಲೆ ವಿಷಯ, ಕೊನೆಯಲ್ಲಿ ಆವೃತ್ತಿ: ‘2024-06-18_ಎಸ್‌ಡಿಎಂಸಿ_ನಡಾವಳಿ_ಆ02’. ನಾವು ಬರೆಯುವ ರೂಢಿಯಂತೆ 18-06-2024 ಎಂದು ಇಟ್ಟರೆ ಕಂಪ್ಯೂಟರ್ ಮೊದಲು 18 ನೋಡುತ್ತದೆ. ಎಲ್ಲ ವರ್ಷ, ಎಲ್ಲ ತಿಂಗಳಿನ 18ನೇ ತಾರೀಖುಗಳು ಒಟ್ಟಿಗೆ ಗುಂಪುಗೂಡುತ್ತವೆ. 1, 2 ಎನ್ನದೆ 01, 02 ಎನ್ನಿ, ಇಲ್ಲವಾದರೆ ಕೆಲವು ತಂತ್ರಾಂಶಗಳಲ್ಲಿ 10 ಎಂಬುದು 2ಕ್ಕಿಂತ ಮೇಲೆ ಹೋಗುತ್ತದೆ. ಸಹಿಯಾದ ಮೇಲೆ ‘ಸಹಿ’ ಎಂದು ಸೇರಿಸಿ ಪಿಡಿಎಫ್ ಮಾಡಿ, ಕರಡುಗಳನ್ನು ಅಳಿಸಿಬಿಡಿ. ‘ಫೈನಲ್’ ಎಂಬ ಪದವನ್ನೇ ಕಚೇರಿಯಲ್ಲಿ ನಿಷೇಧಿಸಿದರೂ ತಪ್ಪಿಲ್ಲ.

ಕನ್ನಡದಲ್ಲಿ ಧಾರಾಳವಾಗಿ ಇಡಬಹುದು, ಚಿಕ್ಕದಾಗಿ ಇಡಿ. ಬ್ಯಾಕಪ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಅಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೇಕು. ‘ಪ್ರಾಥಮಿಕ’ ನಮ್ಮ ಕಣ್ಣಿಗೆ 4 ಅಕ್ಷರ. ಕಂಪ್ಯೂಟರಿಗೆ ಪಕಾರ, ಹಲಂತ, ರಕಾರ, ಆ-ಕಾರದ ದೀರ್ಘ, ಥ, ಮ, ಗುಡಿಸು, ಕ ಎಂದು 8 ಸಂಕೇತ, ಅಂದರೆ 24 ಬೈಟ್. ಸುಮಾರು 85 ಸಂಕೇತಕ್ಕೆ ಮಿತಿ ಮುಗಿಯಿತು. ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇದ್ದ ಉದ್ದ ಹೆಸರಿನ ಫೈಲು ಬ್ಯಾಕಪ್ಪಿಗೆ ಹೋಗದೆ ಉಳಿಯುವುದು ಹೀಗೆ. ವರದಿಯಲ್ಲಿ ‘ಇಷ್ಟು ಫೈಲ್ ಬಿಟ್ಟಿದೆ’ ಎಂದು ಒಂದು ಸಾಲು ಬಂದಿರುತ್ತದೆ, ಯಾರೂ ಓದಿರುವುದಿಲ್ಲ.

ಕನ್ನಡದಲ್ಲಿ ಬರುವ ಇನ್ನೊಂದು ತೊಡಕು. ‘ಬ್ಯಾಂಕ್‌ನ’ ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರುತ್ತದೆ. ಒಬ್ಬರು ಹಾಗೆ, ಇನ್ನೊಬ್ಬರು ‘ಬ್ಯಾಂಕ್ನ’ ಎಂದು ಟೈಪ್ ಮಾಡಿದರೆ ಹುಡುಕಾಟದಲ್ಲಿ ಇವೆರಡೂ ಬೇರೆ ಪದ. ಫೈಲ್ ಹೆಸರಿನಲ್ಲಿ ‘ಬ್ಯಾಂಕಿನ’, ‘ಬ್ಯಾಂಕು’ ಎಂದು ಬರೆದುಬಿಟ್ಟರೆ ತಕರಾರೇ ಇಲ್ಲ. ಬಿಲ್ ಸಂಖ್ಯೆಯ ಓರೆಗೆರೆಯನ್ನು ವಿಂಡೋಸ್ ಒಪ್ಪುವುದಿಲ್ಲ, ಅಡ್ಡಗೆರೆ ಹಾಕಿ.

ಫೋಲ್ಡರುಗಳನ್ನು ಕೆಲಸದ ಹೆಸರಿನಲ್ಲಿ ಮಾಡಿ: ಆಡಳಿತ, ಲೆಕ್ಕಪತ್ರ, ಸಿಬ್ಬಂದಿ, ವಿದ್ಯಾರ್ಥಿ ದಾಖಲೆ, ಕಟ್ಟಡ. ಅದರೊಳಗೆ ಆರ್ಥಿಕ ಅಥವಾ ಶೈಕ್ಷಣಿಕ ವರ್ಷ. ಮೂರು ಮಟ್ಟಕ್ಕಿಂತ ಆಳಕ್ಕೆ ಇಳಿಯಬೇಡಿ. ಗುಮಾಸ್ತರ ಹೆಸರಿನ ಫೋಲ್ಡರ್ ಅವರು ವರ್ಗವಾದ ದಿನವೇ ಅನಾಥವಾಗುತ್ತದೆ.

ನಮ್ಮ ಟ್ರಸ್ಟಿನಲ್ಲಿ ಸುತ್ತೋಲೆ, ಕೊಟೇಷನ್, ಒಪ್ಪಿಗೆ ಎಲ್ಲವೂ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತದೆ. ಅದೂ ದಾಖಲೆಯೇ ಅಲ್ಲವೇ?
— ಧರ್ಮದರ್ಶಿ, ಮೈಸೂರು

ದಾಖಲೆ ಹೌದು, ಇಡುವ ಜಾಗ ಅದಲ್ಲ. ತಲುಪಿದ ಸಂದೇಶಗಳು ವಾಟ್ಸಾಪಿನ ಸರ್ವರಿನಲ್ಲಿ ಉಳಿಯುವುದಿಲ್ಲ, ನಿಮ್ಮ ಫೋನಿನಲ್ಲಷ್ಟೇ ಇರುತ್ತವೆ. ಡೌನ್‌ಲೋಡ್ ಮಾಡದ ಫೈಲನ್ನು ಕೆಲವು ತಿಂಗಳ ನಂತರ ಒತ್ತಿದರೆ ‘ಮತ್ತೆ ಕಳುಹಿಸಲು ಕೇಳಿ’ ಎನ್ನುತ್ತದೆ. ಹಣ ಅಥವಾ ನಿರ್ಣಯಕ್ಕೆ ಸಂಬಂಧಿಸಿದ್ದನ್ನು ಅದೇ ವಾರ ಹೊರತೆಗೆದು ಸರಿಯಾದ ಫೋಲ್ಡರಿಗೆ ಹಾಕಿ. ಚರ್ಚೆ ಮುಖ್ಯವಾಗಿದ್ದರೆ ಎಕ್ಸ್‌ಪೋರ್ಟ್ ಚಾಟ್ ಮಾಡಿ ಆ ಪಠ್ಯದ ಫೈಲನ್ನೂ ಇಡಿ. ಸ್ಕ್ರೀನ್‌ಶಾಟಿಗಿಂತ ಅದು ಎಷ್ಟೋ ಮೇಲು, ತಾರೀಖು-ಹೊತ್ತು-ಹೆಸರು ಸಾಲುಸಾಲಾಗಿ ಬರುತ್ತದೆ. ರಸೀದಿಯ ಫೋಟೋವನ್ನು ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗಿ ಸಣ್ಣ ಅಕ್ಷರ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಎಲ್ಲರಿಗೂ ಹೇಳಿ. ಸಂದೇಶ ತಾನೇ ಮಾಯವಾಗುವ ಸೆಟ್ಟಿಂಗ್ ಆ ಗುಂಪಿನಲ್ಲಿ ಆಫ್ ಇರಲಿ. ಒಪ್ಪಿಗೆಯನ್ನು ಮುಂದಿನ ಸಭೆಯಲ್ಲಿ ಓದಿ ಠರಾವು ಬರೆಯಿರಿ. ಹೆಬ್ಬೆರಳಿನ ಚಿತ್ರಕ್ಕೆ ಆಡಿಟರ್ ಕೊಡುವ ಬೆಲೆ ನಿಮಗೇ ಗೊತ್ತು.

ನಲವತ್ತು ವರ್ಷದ ಸಾಲದ ಲೆಡ್ಜರು, ರಸೀದಿ ಪುಸ್ತಕ, ವೋಚರುಗಳಿಗೆ ಗೆದ್ದಲು ಹಿಡಿಯುತ್ತಿದೆ. ಸ್ಕ್ಯಾನ್ ಮಾಡಿಸಬೇಕು. ಯಾವ ಸೆಟ್ಟಿಂಗ್ ಇಡಬೇಕು? ಆಮೇಲೆ ಕಾಗದ ವಿಲೇವಾರಿ ಮಾಡಬಹುದೇ?
— ಮುಖ್ಯ ಕಾರ್ಯನಿರ್ವಾಹಕರು, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಶಿರಸಿ ತಾಲ್ಲೂಕು

ಸೆಟ್ಟಿಂಗ್: 300 ಡಿಪಿಐ (ಅಂದರೆ ಅಂಗುಲಕ್ಕೆ 300 ಚುಕ್ಕಿ), ಬಣ್ಣದಲ್ಲಿ. ಪೆನ್ಸಿಲ್ ಗುರುತು ಅಥವಾ ತೀರಾ ಸಣ್ಣ ಅಕ್ಷರ ಇದ್ದರೆ 400. ಕಪ್ಪು-ಬಿಳುಪು ಬೇಡವೇ ಬೇಡ. ರಸೀದಿಯ ಕಾರ್ಬನ್ ಪ್ರತಿಯ ತಿಳಿನೀಲಿ, ಮೊಹರಿನ ನೇರಳೆ, ಆಡಿಟರ್ ಹಾಕಿದ ಕೆಂಪು ಗುರುತು, ಇವೆಲ್ಲ ಕಪ್ಪು-ಬಿಳುಪಿನಲ್ಲಿ ಒಂದೋ ಅಳಿಸಿಹೋಗುತ್ತವೆ, ಇಲ್ಲವೇ ಒಂದರ ಮೇಲೊಂದು ಮಸಿಯಾಗುತ್ತವೆ. 300 ಡಿಪಿಐನಲ್ಲಿ ಒಂದು ಎ4 ಪುಟ 2,480 × 3,508 ಚುಕ್ಕಿ. ಬಣ್ಣದಲ್ಲಿ ಕುಗ್ಗಿಸದಿದ್ದರೆ 26 ಎಂಬಿ, ಹದವಾಗಿ ಜೆಪೆಗ್‌ಗೆ ಕುಗ್ಗಿಸಿದರೆ 1 ಎಂಬಿಯ ಆಸುಪಾಸು. 20,000 ಪುಟಕ್ಕೆ ಸುಮಾರು 20 ಜಿಬಿ, ಒಂದು ಪೆನ್‌ಡ್ರೈವ್‌ನಷ್ಟು. ಜಾಗ ಉಳಿಸಲು ಗುಣಮಟ್ಟ ಇಳಿಸುವುದರಲ್ಲಿ ಅರ್ಥವಿಲ್ಲ.

ಗುತ್ತಿಗೆಗೆ ಕೊಡುವುದಾದರೆ ಕರಾರಿನಲ್ಲಿ ಒಂದು ಮಾತು ಸೇರಿಸಿ: ಜೆಬಿಗ್2 ಎಂಬ ಕುಗ್ಗಿಸುವ ವಿಧಾನ ಬಳಸಕೂಡದು. ಅದರ ಒಂದು ಬಗೆಯಲ್ಲಿ ಯಂತ್ರ ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರಗಳು ಸ್ಕ್ಯಾನ್ ಮಾಡುವಾಗ 6ನ್ನು 8 ಮಾಡುತ್ತಿದ್ದುದನ್ನು ತೋರಿಸಿಕೊಟ್ಟರು. ಅದಕ್ಕೆ ಕಾರಣ ಇದೇ ವಿಧಾನ, ಕಂಪನಿ ಆಮೇಲೆ ತಿದ್ದುಪಡಿ ಕೊಟ್ಟಿತು. ಮಸುಕಾಗಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಇದು ಸ್ಪಷ್ಟವಾಗಿ, ಚೊಕ್ಕಟವಾಗಿ ತಪ್ಪು ಅಂಕಿ ತೋರಿಸುತ್ತದೆ. ಸಾಲದ ಲೆಡ್ಜರಿಗೆ ಇದಕ್ಕಿಂತ ಕೆಟ್ಟದ್ದು ಏನಿದೆ?

ಕೆಲಸದ ಕ್ರಮ ಹೀಗಿರಲಿ. ಗೆದ್ದಲು ಹಿಡಿದ ಪುಸ್ತಕಗಳನ್ನು ಮೊದಲು ಬೇರೆ ಕೋಣೆಗೆ ಸಾಗಿಸಿ. ಪ್ರತಿ ಪುಸ್ತಕಕ್ಕೂ ಸಂಖ್ಯೆ ಕೊಟ್ಟು ಒಂದು ಹಾಳೆಯಲ್ಲಿ ಪುಸ್ತಕದ ಸಂಖ್ಯೆ, ವರ್ಷ, ಮೊದಲ ಪುಟ, ಕೊನೆಯ ಪುಟ, ಹರಿದ ಅಥವಾ ಇಲ್ಲದ ಪುಟ ಬರೆಯಿರಿ. ಆ ಹಾಳೆಯನ್ನೇ ಮೊದಲ ಚಿತ್ರವಾಗಿ ಸ್ಕ್ಯಾನ್ ಮಾಡಿ. ವೋಚರುಗಳ ಗುಂಡುಪಿನ್ನು, ಸ್ಟೇಪಲ್ ತೆಗೆದ ಮೇಲೆಯೇ ಫೀಡರಿಗೆ ಹಾಕಬೇಕು. ಒಂದು ಪಿನ್ನು ಗಾಜಿಗೆ ಗೀರು ಹಾಕಿದರೆ ಮುಂದಿನ ಸಾವಿರ ಪುಟದಲ್ಲೂ ಉದ್ದನೆಯ ಗೆರೆ ಬರುತ್ತದೆ. ಹೊಲಿದ ಲೆಡ್ಜರನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಸ್ಟ್ಯಾಂಡಿಗೆ ಕ್ಯಾಮೆರಾ ಅಥವಾ ಒಳ್ಳೆಯ ಫೋನು ಕಟ್ಟಿ ಮೇಲಿನಿಂದ ತೆಗೆಯಿರಿ. ಹಾಳೆಯ ಅಡಿಗೆ ಕಪ್ಪು ರಟ್ಟು ಇಟ್ಟರೆ ಹಿಂದಿನ ಪುಟದ ಮಸಿ ತೋರುವುದು ಕಡಿಮೆಯಾಗುತ್ತದೆ. ಥರ್ಮಲ್ ಕಾಗದದ ಬಿಲ್ಲುಗಳಿದ್ದರೆ ಅವಕ್ಕೇ ಮೊದಲ ಸರದಿ, ದಿನದಿನಕ್ಕೆ ಬೆಳ್ಳಗಾಗುತ್ತಿರುತ್ತವೆ.

ಪುಸ್ತಕ ಮುಗಿದ ಕೂಡಲೇ ಚಿತ್ರಗಳ ಸಂಖ್ಯೆಯನ್ನು ಪುಟಗಳ ಸಂಖ್ಯೆಗೆ ತಾಳೆ ನೋಡಿ. ಎರಡು ಹಾಳೆ ಅಂಟಿಕೊಂಡು ಒಂದಾಗಿ ಹೋಗುವುದು ಮಳೆಗಾಲದ ಮಲೆನಾಡಿನಲ್ಲಿ ದಿನನಿತ್ಯದ ಮಾತು. ಪುಸ್ತಕ ಶೆಲ್ಫಿಗೆ ಹೋದಮೇಲೆ ಕಂಡುಹಿಡಿದರೆ ಮತ್ತೆ ಹುಡುಕುವ ಕೂಲಿ ನಿಮ್ಮದೇ.

ಕಾಗದದ ವಿಷಯ: ಸ್ಕ್ಯಾನ್ ಆಯಿತೆಂದು ಸುಡಬೇಡಿ. ಸಾಲಪತ್ರ, ಅಡಮಾನ, ಸಹಿಯುಳ್ಳ ನಡಾವಳಿ, ಷೇರು ರಿಜಿಸ್ಟರಿನ ಮೂಲ ಪ್ರತಿ ಉಳಿಯಲೇಬೇಕು. ವಸೂಲಾತಿ ದಾವೆ ಬಾಕಿ ಇರುವ ಯಾವ ಖಾತೆಯ ಚೀಟಿಯನ್ನೂ ಮುಟ್ಟಬೇಡಿ. ಅವಧಿ ಮುಗಿದ ಉಳಿದ ವೋಚರುಗಳನ್ನು ಪಟ್ಟಿ ಮಾಡಿ, ಲೆಕ್ಕಪರಿಶೋಧಕರಿಗೆ ತೋರಿಸಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ ವಿಲೇ ಮಾಡಿ. ಆ ವಿಲೇವಾರಿ ಪಟ್ಟಿ ಮಾತ್ರ ಶಾಶ್ವತ.

ಬ್ಯಾಕಪ್ ಎಲ್ಲಿ ಇಡುವುದು? ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಗೂಗಲ್ ಡ್ರೈವ್, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮದು ಕರಾವಳಿ, ಕಳೆದ ಮಳೆಗಾಲದಲ್ಲಿ ಸಿಡಿಗಳಿಗೆಲ್ಲ ಬೂಸ್ಟು ಬಂತು.
— ವ್ಯವಸ್ಥಾಪಕರು, ಗ್ರಂಥಾಲಯ ಸಮಿತಿ, ಉಡುಪಿ

ಯಾವುದನ್ನೂ ಒಂಟಿಯಾಗಿ ನಂಬಬೇಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ನಿಮ್ಮಂಥ ಸಂಸ್ಥೆಗೆ ಅದು ಹೀಗಿರಬಹುದು: ಕೆಲಸದ ಕಂಪ್ಯೂಟರ್ ಒಂದು, ಗೂಗಲ್ ಡ್ರೈವಿನಂಥ ಕ್ಲೌಡ್ ಒಂದು, ಹೊರಗಿನ ಹಾರ್ಡ್ ಡಿಸ್ಕ್ ಜೋಡಿ ಒಂದು. ಡಿಸ್ಕಿಗೆ ಅ, ಆ ಎಂದು ಚೀಟಿ ಅಂಟಿಸಿ. ಈ ವಾರ ‘ಅ’ಗೆ ನಕಲು ಮಾಡಿ ಅಧ್ಯಕ್ಷರ ಮನೆಗೋ ಬ್ಯಾಂಕ್ ಲಾಕರಿಗೋ ಕಳುಹಿಸಿ, ಅಲ್ಲಿದ್ದ ‘ಆ’ ತಂದು ಮುಂದಿನ ವಾರ ಬಳಸಿ. ಎರಡೂ ಒಂದೇ ದಿನ ಒಂದೇ ಮೇಜಿನ ಮೇಲೆ ಇರಕೂಡದು.

ನಕಲು ಮುಗಿದ ಮೇಲೆ ಕೇಬಲ್ ಕಿತ್ತಿಡುವುದು ಮುಖ್ಯ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ನುಗ್ಗಿದರೆ ಸಿಕ್ಕಿಸಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಗೂಗಲ್ ಡ್ರೈವ್ ಸಿಂಕ್ ಆಗುತ್ತಿದ್ದರೆ ಬೀಗ ಬಿದ್ದ ಫೈಲುಗಳನ್ನೇ ಅದು ನಿಷ್ಠೆಯಿಂದ ಮೇಲೇರಿಸುತ್ತದೆ. ಅಳಿಸಿದ್ದೂ ಹಾಗೆಯೇ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗಿಬಿಡುತ್ತದೆ. ಮಾರ್ಚಿಯಲ್ಲಿ ತಪ್ಪಿ ಅಳಿಸಿದ್ದನ್ನು ಸೆಪ್ಟೆಂಬರಿನ ಮಹಾಸಭೆಗೆ ಹುಡುಕಿದರೆ ಎಲ್ಲಿ ಸಿಕ್ಕೀತು? ಸಿಂಕ್ ಬೇರೆ, ಬ್ಯಾಕಪ್ ಬೇರೆ.

ಪೆನ್‌ಡ್ರೈವ್ ಸಾಗಿಸುವುದಕ್ಕೆ, ಕೂಡಿಡುವುದಕ್ಕಲ್ಲ. ಅದೂ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡಿಸ್ಕೂ ವಿದ್ಯುದಾವೇಶವಾಗಿ ಮಾಹಿತಿ ಹಿಡಿದಿಡುತ್ತವೆ. ಕರೆಂಟ್ ಕಾಣದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದರೆ ಆವೇಶ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೀರುವಿನಲ್ಲಿ ಇಡಲು ತಿರುಗುವ ತಟ್ಟೆಯ ಹಳೆಯ ಮಾದರಿ ಹಾರ್ಡ್ ಡಿಸ್ಕೇ ವಾಸಿ. 5 ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಿ, ಕೊಂಡ ತಿಂಗಳು-ವರ್ಷವನ್ನು ಅದರ ಮೇಲೆಯೇ ಬರೆದಿಡಿ. ಸಿಡಿ-ಡಿವಿಡಿಗಳಲ್ಲಿ ಬರೆಯುವ ಪದರ ಒಂದು ಬಗೆಯ ಬಣ್ಣ, ಬೆಳಕು-ಶಾಖ-ತೇವಕ್ಕೆ ಕೆಡುತ್ತದೆ. ಬೂಸ್ಟು ಬಂದವನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಓದುವಷ್ಟು ಓದಿಸಿಕೊಂಡು ಈ ತಿಂಗಳೇ ಹಾರ್ಡ್ ಡಿಸ್ಕಿಗೆ ಸಾಗಿಸಿ.

ತೇವಕ್ಕೆ ಮದ್ದು: ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ನೋಡಿ. ಎಸಿ ಕೋಣೆಯಿಂದ ಹೊರತಂದ ಡಿಸ್ಕನ್ನು ಕೂಡಲೇ ಸಿಕ್ಕಿಸದೆ ಡಬ್ಬಿಯಲ್ಲೇ ಒಂದು ಗಂಟೆ ಬಿಡಿ, ಇಲ್ಲವಾದರೆ ಒಳಗೆ ನೀರಪಸೆ ಕಟ್ಟುತ್ತದೆ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಹತ್ತು ಫೈಲನ್ನು ಬೇರೆ ಕಂಪ್ಯೂಟರಿಗೆ ಮರಳಿ ತಂದು ತೆರೆದು ನೋಡಿ, ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಿರಿ. ಒಮ್ಮೆಯೂ ಮರಳಿ ತೆಗೆದು ನೋಡದ ಬ್ಯಾಕಪ್ಪು ಇದ್ದರೂ ಇಲ್ಲದಂತೆ.

ಹಿಂದಿನ ಕಾರ್ಯದರ್ಶಿಗಳು ಬಿಟ್ಟು ಹೋದರು. ಸಂಘದ ಎಲ್ಲ ಫೈಲು ಅವರ ಸ್ವಂತ ಜಿಮೇಲ್‌ನ ಡ್ರೈವಿನಲ್ಲಿವೆ. ಸಂಬಂಧ ಚೆನ್ನಾಗಿಯೇ ಇದೆ, ಆದರೆ ಮುಂದೆ?
— ಸಹ ಕಾರ್ಯದರ್ಶಿ, ಕನ್ನಡ ಸಂಘ, ಪುಣೆ

ಸಂಬಂಧ ಚೆನ್ನಾಗಿರುವಾಗಲೇ ತಂದುಕೊಳ್ಳಿ. ಅವರು ಫೋಲ್ಡರನ್ನು ‘ಶೇರ್’ ಮಾಡಿದರೆ ಸಾಲದು, ಒಡೆತನ ಅವರದ್ದೇ ಉಳಿಯುತ್ತದೆ. ಅವರು ಅಳಿಸಿದರೆ ನಿಮಗೂ ಇಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ ಎಂಬುದೂ ನೆನಪಿರಲಿ. ಅವರಿಂದ ಇಡೀ ಫೋಲ್ಡರ್ ಡೌನ್‌ಲೋಡ್ ಮಾಡಿಸಿ. ದೊಡ್ಡದಾಗಿದ್ದರೆ ಹಲವು ಜಿಪ್ ತುಂಡುಗಳಾಗಿ ಬರುತ್ತದೆ, ಎಲ್ಲ ತುಂಡೂ ಬಂದವೇ ಎಣಿಸಿ. ಬಿಚ್ಚಲು ಹಳೆಯ ಜಿಪ್ ತಂತ್ರಾಂಶ ಬಳಸಿದರೆ ಕನ್ನಡದ ಫೈಲ್ ಹೆಸರುಗಳು ಕೆಡಬಹುದು, 7-ಜಿಪ್‌ನ ಹೊಸ ಆವೃತ್ತಿ ಬಳಸಿ.

ಆಮೇಲೆ ಹುದ್ದೆಯ ಹೆಸರಿನಲ್ಲಿ ಖಾತೆ ತೆರೆಯಿರಿ. ನೋಂದಾಯಿತ ಲಾಭರಹಿತ ಸಂಸ್ಥೆಗಳಿಗೆ ಗೂಗಲ್ ಉಚಿತ ಯೋಜನೆ ಕೊಡುತ್ತದೆ, ನಿಮ್ಮ ಸಂಘಕ್ಕೆ ಸಿಗುವುದೇ ವಿಚಾರಿಸಿ. ಎರಡು ಹಂತದ ಪರಿಶೀಲನೆ ಹಾಕಿದಾಗ 10 ಬ್ಯಾಕಪ್ ಕೋಡ್ ಕೊಡುತ್ತಾರೆ. ಅವನ್ನು ಪ್ರಿಂಟ್ ತೆಗೆದು, ಪಾಸ್‌ವರ್ಡಿನ ಜೊತೆ ಲಕೋಟೆಯಲ್ಲಿ ಹಾಕಿ, ಅಂಟಿನ ಮೇಲೆ ಅಧ್ಯಕ್ಷರು-ಖಜಾಂಚಿ ಸಹಿ ಮಾಡಿ ತಿಜೋರಿಯಲ್ಲಿಡಿ. ಮರುಪಡೆಯುವ ಫೋನ್ ನಂಬರು ಸಂಘದ ಸಿಮ್ಮಿನದ್ದಾಗಿರಲಿ. ಅದರ ರೀಚಾರ್ಜು ತಪ್ಪಿ ನಂಬರು ಬೇರೆಯವರ ಪಾಲಾದರೆ ಖಾತೆಯ ಕೀಲಿಯೂ ಅವರದ್ದೇ. ಹುದ್ದೆ ಹಸ್ತಾಂತರದ ದಿನ ಚೆಕ್‌ಬುಕ್ಕು, ಮೊಹರಿನ ಜೊತೆ ಈ ಲಕೋಟೆಯನ್ನೂ ಪಟ್ಟಿಯಲ್ಲಿ ಸೇರಿಸಿ, ಅಂದೇ ಪಾಸ್‌ವರ್ಡ್ ಬದಲಿಸಿ.

ನಮ್ಮದು ರೈತ ಉತ್ಪಾದಕ ಕಂಪನಿ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಡೇಟಾ ಎಷ್ಟು ವರ್ಷ ಇಡಬೇಕು? ಬ್ಯಾಕಪ್ ಫೈಲ್ ಇದ್ದರೆ ಸಾಕೇ?
— ಲೆಕ್ಕಿಗರು, ಕೊಪ್ಪಳ

ನಿಮ್ಮದು ಕಂಪನಿಯಾದ್ದರಿಂದ 2013ರ ಕಂಪನಿಗಳ ಕಾಯ್ದೆಯ 128ನೇ ಸೆಕ್ಷನ್ ಅನ್ವಯಿಸುತ್ತದೆ: ಹಿಂದಿನ 8 ಹಣಕಾಸು ವರ್ಷಗಳ ಲೆಕ್ಕಪುಸ್ತಕ, ವೋಚರು ಸಮೇತ. ಜಿಎಸ್‌ಟಿಯ ಲೆಕ್ಕ ಬೇರೆ: ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. 2023-24ರ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆ ದಿನವಾಗಿತ್ತು, ಅಂದರೆ 2030ರ ಡಿಸೆಂಬರ್ 31ರವರೆಗೆ. ಮೇಲ್ಮನವಿ, ತನಿಖೆ ಏನಾದರೂ ಇದ್ದರೆ ಇನ್ನೂ ಮುಂದಕ್ಕೆ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯಿರಿ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಂಪನಿಗಳು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕು. 2023ರ ಏಪ್ರಿಲ್ 1ರಿಂದ, ತಿದ್ದಿದ್ದನ್ನೆಲ್ಲ ದಾಖಲಿಸುವ ಸೌಲಭ್ಯವುಳ್ಳ ತಂತ್ರಾಂಶವನ್ನೇ ಬಳಸಬೇಕು. ಟ್ಯಾಲಿಯಲ್ಲಿ ಅದಕ್ಕೆ ಎಡಿಟ್ ಲಾಗ್ ಇದೆ.

ಬ್ಯಾಕಪ್ ಫೈಲ್ ಒಂದೇ ಸಾಲದು, ಏಕೆಂದರೆ ಅದನ್ನು ತೆರೆಯಲು ಟ್ಯಾಲಿಯೇ ಬೇಕು, ಆವೃತ್ತಿಯೂ ಹೊಂದಬೇಕು. ಟ್ಯಾಲಿ 7.2ರ ಡೇಟಾವನ್ನು ನಂತರದ ಆವೃತ್ತಿಯಾದ ಇಆರ್‌ಪಿ 9ಕ್ಕೆ ತರಲು ಬೇರೆ ಪರಿವರ್ತಕವೇ ಬೇಕಾಗಿತ್ತು. ಆಡಿಟ್ ಮುಗಿದ ವಾರವೇ ದಿನವಹಿ, ಎಲ್ಲ ಲೆಡ್ಜರು, ಟ್ರಯಲ್ ಬ್ಯಾಲೆನ್ಸ್, ದಾಸ್ತಾನು ಪಟ್ಟಿ, ಆಸ್ತಿ-ಜವಾಬ್ದಾರಿ ತಃಖ್ತೆ ಇವನ್ನು ಪಿಡಿಎಫ್ ಮತ್ತು ಎಕ್ಸೆಲ್ ಎರಡರಲ್ಲೂ ಹೊರತೆಗೆಯಿರಿ. ಡೇಟಾಗೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಎಚ್ಚರ. ಅದು ಮರೆತರೆ ಟ್ಯಾಲಿಯವರೂ ಬಿಡಿಸಿಕೊಡಲಾರರು.

ಸಾಲ ವಸೂಲಿ ಮೊಕದ್ದಮೆಯಲ್ಲಿ ನಮ್ಮ ಕಂಪ್ಯೂಟರ್ ಲೆಕ್ಕದ ಪ್ರಿಂಟ್ ಕೊಟ್ಟರೆ ವಕೀಲರು ‘ಹ್ಯಾಶ್ ವ್ಯಾಲ್ಯೂ’ ಕೇಳುತ್ತಿದ್ದಾರೆ. ಏನದು?
— ವ್ಯವಸ್ಥಾಪಕರು, ಪತ್ತಿನ ಸಹಕಾರಿ, ದಾವಣಗೆರೆ

ಫೈಲಿನ ಬೆರಳಚ್ಚು ಎನ್ನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಇದ್ದ ಜಾಗದಲ್ಲಿ ಇದು ಬಂದಿದೆ. ನಮೂನೆಯಲ್ಲಿ ಎರಡು ಭಾಗ: ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಬರೆಯಲು ಜಾಗವಿದೆ.

ಮಾಡುವುದು ಸುಲಭ. 7-ಜಿಪ್ ಇರುವ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಸಿಆರ್‌ಸಿ-ಎಸ್‌ಎಚ್‌ಎ ಪಟ್ಟಿಯಲ್ಲಿ ಎಸ್‌ಎಚ್‌ಎ-256 ಆರಿಸಿ. 64 ಅಕ್ಷರ-ಅಂಕಿಗಳ ಸಾಲೊಂದು ಬರುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಏನೂ ಆಗದು. ಆದರೆ ವರ್ಡ್ ಫೈಲನ್ನು ತೆರೆದು ಏನೂ ತಿದ್ದದೆ ‘ಸೇವ್’ ಒತ್ತಿದರೂ ಬದಲಾಗಬಹುದು, ಉಳಿಸಿದ ಹೊತ್ತು ಒಳಗೆ ಸೇರುತ್ತದಲ್ಲ. ಆದ್ದರಿಂದ ಪಿಡಿಎಫ್ ಮಾಡಿ, ಹ್ಯಾಶ್ ತೆಗೆದು, ಆಮೇಲೆ ಮುಟ್ಟದಿರಿ.

ಮೊಕದ್ದಮೆ ಬಂದಾಗ ಮಾತ್ರ ಇದನ್ನು ಮಾಡಿದರೆ ಅರ್ಧ ಪ್ರಯೋಜನ. ವರ್ಷಾಂತ್ಯದಲ್ಲಿ ಇಡೀ ಫೋಲ್ಡರಿನ ಹ್ಯಾಶ್ ಪಟ್ಟಿ ತೆಗೆದು, ಪ್ರಿಂಟಿಗೆ ಸಹಿ ಹಾಕಿ ಇಟ್ಟಿದ್ದರೆ ‘ಅಂದು ಇದ್ದದ್ದೇ ಇಂದೂ ಇದೆ’ ಎಂದು ತೋರಿಸಬಹುದು. ಡಿಸ್ಕಿನಲ್ಲಿ ಸದ್ದಿಲ್ಲದೆ ಕೆಟ್ಟ ಫೈಲನ್ನೂ ಅದೇ ಪಟ್ಟಿ ಹಿಡಿದುಕೊಡುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್ ಕೇಳುವುದೂ ಹೆಚ್ಚೇನಲ್ಲ: ದಾಖಲೆ ಮುಂದೆ ನೋಡಲು ಸಿಗಬೇಕು, ಹುಟ್ಟಿದ ರೂಪದಲ್ಲೇ ಅಥವಾ ಅದನ್ನು ತಪ್ಪಿಲ್ಲದೆ ತೋರಿಸುವ ರೂಪದಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಯಾವಾಗ ಹೋಯಿತೆಂಬುದು ಗೊತ್ತಾಗಬೇಕು. ಚನ್ನರಾಯಪಟ್ಟಣದವರಿಗೆ ‘ಮೂಲ’ ಫೋಲ್ಡರ್ ಮುಟ್ಟಬೇಡಿ ಎಂದದ್ದು ಇದಕ್ಕೇ.

ಹಳೇ ಕಂಪ್ಯೂಟರ್ ಮಾರುತ್ತಿದ್ದೇವೆ. ಫಾರ್ಮ್ಯಾಟ್ ಮಾಡಿದರೆ ಸಾಕೇ?
— ಓದುಗರು, ತುಮಕೂರು

ಸಾಲದು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನು, ಪುಟಗಳನ್ನಲ್ಲ. ಸದಸ್ಯರ ಆಧಾರ್ ಪ್ರತಿಗಳಿದ್ದ ಡಿಸ್ಕನ್ನು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಮಾರಿ. ಕೆಲವು ನೂರು ರೂಪಾಯಿ ಕಡಿಮೆ ಬರಬಹುದು, ಬರಲಿ. ಬೇಡವಾದ ಡಿಸ್ಕಿನ ತಟ್ಟೆಗೆ ಡ್ರಿಲ್ ಹಾಕಿಸಿ. ಎಸ್‌ಎಸ್‌ಡಿ ಆಗಿದ್ದರೆ ತಯಾರಕರ ಸೆಕ್ಯೂರ್ ಇರೇಸ್ ತಂತ್ರಾಂಶ ಬಳಸಿ. ಇನ್ನು ಮುಂದೆ ಆಧಾರ್ ಪ್ರತಿ ಬೇಕೆಂದಾದರೆ ಮೊದಲ 8 ಅಂಕಿ ಮುಚ್ಚಿದ ಪ್ರತಿಯನ್ನೇ ಪಡೆಯಿರಿ.

ಎಲ್ಲ ಪಿಡಿಎಫ್‌ಗೂ ಪಾಸ್‌ವರ್ಡ್ ಹಾಕಿಡುವುದು ಕ್ಷೇಮವಲ್ಲವೇ?
— ಕಚೇರಿ ಅಧೀಕ್ಷಕರು, ಕಲಬುರಗಿ

ಅಲ್ಲ. ಫೈಲಿಗೊಂದು ಪಾಸ್‌ವರ್ಡ್ ಹಾಕಿದರೆ ಕಳ್ಳರಿಗಿಂತ ಮೊದಲು ನಿಮ್ಮ ನಂತರದ ಅಧೀಕ್ಷಕರೇ ಹೊರಗುಳಿಯುತ್ತಾರೆ. ಪಿಡಿಎಫ್/ಎ ಮಾನಕವಂತೂ ಪಾಸ್‌ವರ್ಡನ್ನು ಒಪ್ಪುವುದೇ ಇಲ್ಲ. ಫೈಲುಗಳನ್ನು ಬಿಚ್ಚಿಡಿ, ಡಿಸ್ಕಿಗೆ ಒಂದೇ ಬೀಗ ಹಾಕಿ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ, ಹೊರಗಿನ ಡಿಸ್ಕಿಗೂ ಹಾಕಬಹುದು. ಆಗ ಅದು ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಬೇಡಿ. ಎರಡು ಪ್ರಿಂಟ್ ತೆಗೆದು, ಯಾವ ಡಿಸ್ಕಿನದ್ದೆಂದು ಮೇಲೆ ಬರೆದು, ಒಂದನ್ನು ಕಚೇರಿಯ ತಿಜೋರಿಯ ಲಕೋಟೆಯಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಿ.